ಗಿರಾಕಿ ಕಂಪನಿ ‘ಇಡಿಐ ಬೇಕು’ ಅಂದಾಗ: ಸಾಫ್ಟ್‌ವೇರ್ ಆರಿಸುವುದು ಹೇಗೆ?

ಪುಣೆ ಸುತ್ತಿನ ಭೋಸರಿ, ಚಾಕಣ, ರಾಂಜಣಗಾಂವ್ ಕಡೆ ವಾಹನದ ಬಿಡಿಭಾಗ ಮಾಡುವ ನಮ್ಮವರ ಕಾರ್ಖಾನೆಗಳಿಗೆ ಈ ಪತ್ರ ಒಂದಲ್ಲ ಒಂದು ದಿನ ಬರುತ್ತದೆ: ‘ಇನ್ನು ಮುಂದೆ ಶೆಡ್ಯೂಲ್ ಇಮೇಲಿನಲ್ಲಿ ಬರುವುದಿಲ್ಲ, ಇಡಿಐ ಮೂಲಕ ಬರುತ್ತದೆ.’ ಶೆಡ್ಯೂಲು ಅಂದರೆ ಯಾವ ಮಾಲು ಎಷ್ಟು, ಯಾವಾಗ ಬೇಕು ಎಂಬ ಪಟ್ಟಿ. ಅದು, ಆರ್ಡರು, ಡಿಸ್ಪ್ಯಾಚ್ ವಿವರ, ಬಿಲ್ಲು ಎಲ್ಲವೂ ಗೊತ್ತುಪಡಿಸಿದ ಮಾದರಿಯಲ್ಲಿ ಒಂದು ಕಂಪನಿಯ ಕಂಪ್ಯೂಟರಿನಿಂದ ಇನ್ನೊಂದರ ಕಂಪ್ಯೂಟರಿಗೆ ನೇರ ಹೋಗುವುದೇ ಇಡಿಐ. ನಡುವೆ ಯಾರೂ ಕೂತು ಟೈಪ್ ಮಾಡುವುದಿಲ್ಲ. ಪತ್ರ ಬಂದದ್ದೇ ತಡ, ಮಾಲೀಕರು ಸಾಫ್ಟ್‌ವೇರ್ ಕಂಪನಿಗಳನ್ನು ಡೆಮೊಗೆ ಕರೆಯುತ್ತಾರೆ. ಅದು ಮೂರನೇ ಹೆಜ್ಜೆ.

ಮೊದಲ ಹೆಜ್ಜೆ: ಗಿರಾಕಿಯ ಕೈಪಿಡಿ

ಪ್ರತಿ ದೊಡ್ಡ ಗಿರಾಕಿಯ ಹತ್ತಿರವೂ ಒಂದು ಇಡಿಐ ಕೈಪಿಡಿ ಇರುತ್ತದೆ. ಅದನ್ನು ಕೇಳಿ ತರಿಸಿಕೊಂಡು ಮೂರು ವಿಷಯ ಗುರುತು ಹಾಕಿಕೊಳ್ಳಿ. ಮೊದಲನೆಯದು, ಯಾವ ಮಾದರಿ: ಅಮೆರಿಕದವರಾದರೆ ಸಾಮಾನ್ಯವಾಗಿ ಎಕ್ಸ್12, ಯುರೋಪಿನವರಾದರೆ ಎಡಿಫ್ಯಾಕ್ಟ್, ಜರ್ಮನ್ ವಾಹನ ಕಂಪನಿಗಳಲ್ಲಿ ಹಳೆಯ ವಿಡಿಎ ಕೂಡ ಉಂಟು. ಎರಡನೆಯದು, ಯಾವ ಯಾವ ಸಂದೇಶ. ಶೆಡ್ಯೂಲಿಗೆ ಎಡಿಫ್ಯಾಕ್ಟ್‌ನಲ್ಲಿ ಡೆಲ್‌ಫಾರ್, ಎಕ್ಸ್12ರಲ್ಲಿ 830. ‘ಮಾಲು ಹೊರಟಿದೆ’ ಎಂಬ ಎಎಸ್‌ಎನ್‌ಗೆ ಡೆಸ್‌ಅಡ್ವ್ ಅಥವಾ 856. ಬಿಲ್ಲಿಗೆ ಇನ್‌ವಾಯ್ಕ್ ಅಥವಾ 810. ಮೂರನೆಯದು, ಸಾಗಣೆಯ ದಾರಿ: ಎಎಸ್2, ಓಎಫ್‌ಟಿಪಿ2, ಎಸ್‌ಎಫ್‌ಟಿಪಿ, ಇಲ್ಲವೇ ಮಧ್ಯವರ್ತಿ ಜಾಲವಾದ ವ್ಯಾನ್. ಯುರೋಪಿನ ವಾಹನ ಕಂಪನಿ ಓಎಫ್‌ಟಿಪಿ2 ಕೇಳಿದರೆ, ಎಎಸ್2 ಮಾತ್ರ ಗೊತ್ತಿರುವ ಸಾಫ್ಟ್‌ವೇರನ್ನು ಅಲ್ಲೇ ಪಟ್ಟಿಯಿಂದ ತೆಗೆಯಬಹುದು.

‘ನಾವು ಜಿಎಸ್‌ಟಿ ಇ-ಇನ್‌ವಾಯ್ಸ್ ಮಾಡುತ್ತಿದ್ದೇವಲ್ಲ, ಅದೇ ತಾನೆ ಇದು?’ ಅಲ್ಲ. 2023ರ ಆಗಸ್ಟ್ 1ರಿಂದ ₹5 ಕೋಟಿ ದಾಟಿದ ವಾರ್ಷಿಕ ವಹಿವಾಟಿಗೆ ಕಡ್ಡಾಯವಾದ ಇ-ಇನ್‌ವಾಯ್ಸ್ ಹೋಗುವುದು ಸರ್ಕಾರದ ಪೋರ್ಟಲಿಗೆ; ಅಲ್ಲಿಂದ ಐಆರ್‌ಎನ್ ಎಂಬ 64 ಅಕ್ಷರದ ಬಿಲ್ ಗುರುತು ಸಂಖ್ಯೆ ವಾಪಸ್ ಬರುತ್ತದೆ. ಗಿರಾಕಿಯ ಕಂಪ್ಯೂಟರಿಗೆ ಅದರಿಂದ ಏನೂ ತಲುಪುವುದಿಲ್ಲ. ಆದರೆ ಎರಡಕ್ಕೂ ಕೊಂಡಿ ಇದೆ: ಗಿರಾಕಿ ಐಆರ್‌ಎನ್ ಕೇಳಿದ್ದರೆ, ಅದು ಬಂದ ಮೇಲಷ್ಟೇ ಬಿಲ್ಲಿನ ಸಂದೇಶ ಹೊರಡುವಂತೆ ಸಾಫ್ಟ್‌ವೇರ್ ಕಾಯಬೇಕು.

ಎರಡನೆಯ ಹೆಜ್ಜೆ: ನಿಮ್ಮ ಕಾಗದಗಳ ಲೆಕ್ಕ

ದಿನಕ್ಕೆ ಎಷ್ಟು ಬಿಲ್ಲು, ಎಷ್ಟು ಗಾಡಿ, ಎಷ್ಟು ಪಾರ್ಟ್ ನಂಬರ್ ಎಂದು ಒಂದು ವಾರ ಬರೆದಿಡಿ. ದಿನಕ್ಕೆ ಹತ್ತು-ಹದಿನೈದು ದಾಖಲೆಯೊಳಗಿದ್ದರೆ ವೆಬ್-ಇಡಿಐ, ಅಂದರೆ ಬ್ರೌಸರಿನಲ್ಲಿ ಕೂತು ತುಂಬುವ ವ್ಯವಸ್ಥೆ, ಧಾರಾಳವಾಯಿತು. ಅದಕ್ಕಿಂತ ಹೆಚ್ಚಾದರೆ ನಿಮ್ಮ ಲೆಕ್ಕಪತ್ರದ ಸಾಫ್ಟ್‌ವೇರಾದ ಟ್ಯಾಲಿಗೋ ಎಸ್‌ಎಪಿಗೋ ನೇರ ಜೋಡಿಸಬೇಕು; ಇಲ್ಲದಿದ್ದರೆ ಅದೇ ಅಂಕಿಯನ್ನು ಎರಡು ಸಲ ಟೈಪ್ ಮಾಡುವ ಹುಡುಗ ಮೂರನೇ ವಾರಕ್ಕೆ ತಪ್ಪುತ್ತಾನೆ.

ಈ ಹಂತದಲ್ಲೇ ಬಿಲ್ ನಂಬರನ್ನೂ ನೋಡಿ. ಜಿಎಸ್‌ಟಿಯಲ್ಲಿ ನಂಬರು 16 ಅಕ್ಷರದವರೆಗೆ ಇರಬಹುದು, ಅಡ್ಡಗೆರೆ, ಓರೆಗೆರೆ ನಡೆಯುತ್ತವೆ. ವಿಡಿಎ ಮಾದರಿಯ ಡಿಸ್ಪ್ಯಾಚ್ ಸಂದೇಶವಾದ 4913ರಲ್ಲಿ ಡೆಲಿವರಿ ನೋಟ್ ನಂಬರಿಗೆ 8 ಅಂಕಿಯ ಜಾಗ ಮಾತ್ರ. ‘ಪಿಎನ್/25-26/0417’ ಅಲ್ಲಿ ಕೂರುವುದಿಲ್ಲ. ಡೆಲಿವರಿ ನೋಟಿಗೆ ಬೇರೆಯೇ ಸರಣಿ ಶುರು ಮಾಡುವುದು ಸುಲಭದ ದಾರಿ.

ಮೂರನೆಯ ಹೆಜ್ಜೆ: ಡೆಮೊಗೆ ನಿಮ್ಮದೇ ಫೈಲು

ಮಾರಾಟಗಾರರು ತಂದ ಮಾದರಿ ಫೈಲು ಯಾವತ್ತೂ ಚೆನ್ನಾಗಿ ಓಡುತ್ತದೆ. ಗಿರಾಕಿಯಿಂದ ನಿಜವಾದ ಪರೀಕ್ಷಾ ಶೆಡ್ಯೂಲ್ ತರಿಸಿ, ಅದನ್ನೇ ಓಡಿಸಿ ತೋರಿಸಲು ಹೇಳಿ. ನೋಡಬೇಕಾದ್ದು ಮುಖ್ಯವಾಗಿ ಒಂದೇ ಲೆಕ್ಕ, ಕ್ಯುಮುಲೇಟಿವ್.

ವಾಹನ ಕಂಪನಿಗಳ ಶೆಡ್ಯೂಲಿನಲ್ಲಿ ವರ್ಷದ ಆರಂಭದಿಂದ ಕೂಡಿಸಿಕೊಂಡು ಬಂದ ಮೊತ್ತ ಇರುತ್ತದೆ. ‘ಈ ವಾರದವರೆಗೆ ಒಟ್ಟು 18,000 ಬೇಕು, ನಮಗೆ ತಲುಪಿದ್ದು 13,200’ ಎಂದು ಜರ್ಮನಿಯಿಂದ ಬಂತು ಅನ್ನಿ. ವ್ಯತ್ಯಾಸ 4,800. ಆದರೆ ನ್ಹಾವಾ ಶೇವಾ ಬಂದರಿನಿಂದ ಹೊರಟ ಎರಡು ಕಂಟೇನರುಗಳಲ್ಲಿ 2,400 ಮತ್ತು 1,200 ಇನ್ನೂ ಸಮುದ್ರದ ಮೇಲಿವೆ. ನಿಜವಾಗಿ ಕಳಿಸಬೇಕಾದ್ದು 1,200 ಮಾತ್ರ. ಗಿರಾಕಿ ಕೊನೆಯದಾಗಿ ಪಡೆದ ಡೆಲಿವರಿ ನೋಟಿನ ನಂಬರೂ ಶೆಡ್ಯೂಲಿನಲ್ಲೇ ಇರುತ್ತದೆ. ಆ ನಂಬರಿನ ನಂತರ ಹೊರಟದ್ದನ್ನೆಲ್ಲ ಸಾಫ್ಟ್‌ವೇರ್ ತಾನಾಗಿ ಕಳೆಯಬೇಕು. ಪರದೆಯ ಮೇಲೆ ಬರೀ 4,800 ಕಂಡರೆ ಸ್ಟೋರ್ಸಿನವರು 4,800 ಪ್ಯಾಕ್ ಮಾಡುತ್ತಾರೆ, ಹೆಚ್ಚುವರಿ 3,600 ಅಲ್ಲಿ ಗೋದಾಮಿನ ಬಾಡಿಗೆ ತಿನ್ನುತ್ತದೆ. ವರ್ಷಾಂತ್ಯಕ್ಕೆ ಕ್ಯುಮುಲೇಟಿವ್ ಸೊನ್ನೆಯಾಗುವ ದಿನ ಏನಾಗುತ್ತದೆ, ತಿರಸ್ಕೃತ ಮಾಲನ್ನು ಹೇಗೆ ಕಳೆಯುತ್ತದೆ ಎಂಬುದನ್ನೂ ಕೇಳಿ. ಇದಕ್ಕೆ ಉತ್ತರಿಸಲು ತಡವರಿಸುವವರು ಬಹುಶಃ ಕಿರಾಣಿ-ಬಟ್ಟೆ ಮಾರುವ ಚಿಲ್ಲರೆ ಕಂಪನಿಗಳಿಗೆ ಕೆಲಸ ಮಾಡಿದವರು, ವಾಹನದ್ದು ಅವರಿಗೆ ಹೊಸದು.

ಜತೆಗೆ ಬೇಕೆಂದೇ ನಾಲ್ಕು ತಪ್ಪು ಮಾಡಿ. ಅದೇ ಫೈಲನ್ನು ಎರಡು ಸಲ ಕಳಿಸಿ, ಎರಡನೆಯದನ್ನು ತಡೆಯಬೇಕು. ನಿಮ್ಮಲ್ಲಿಲ್ಲದ ಪಾರ್ಟ್ ನಂಬರ್ ಹಾಕಿ. ಯಾರಿಗಾದರೂ ಎಚ್ಚರಿಕೆ ಹೋಗಬೇಕು. ವಿಳಾಸದಲ್ಲಿ ಒಂದು ಒಂಟಿ ಉದ್ಧರಣ ಚಿಹ್ನೆ ಸೇರಿಸಿ. ಎಡಿಫ್ಯಾಕ್ಟ್‌ನಲ್ಲಿ ಸಾಲು ಮುಗಿಯಿತು ಎನ್ನುವ ಗುರುತೇ ಅದು, ಅದಕ್ಕೂ ಮೊದಲು ಪ್ರಶ್ನಾರ್ಥಕ ಚಿಹ್ನೆ ಸೇರಿಸದಿದ್ದರೆ ಫೈಲು ಅಲ್ಲೇ ಮುರಿಯುತ್ತದೆ. ಕೊನೆಗೆ 00457123 ಎಂಬ ಪಾರ್ಟ್ ನಂಬರನ್ನು ಎಕ್ಸೆಲ್ ಮೂಲಕ ಹಾಯಿಸಿ. ಮೊದಲಿನ ಎರಡು ಸೊನ್ನೆ ಮಾಯವಾದರೆ ಗಿರಾಕಿಯ ಪಾಲಿಗೆ ಅದು ಬೇರೆ ಪಾರ್ಟು.

ನಾಲ್ಕನೆಯ ಹೆಜ್ಜೆ: ಮೂರು ಬಗೆಯ ‘ತಲುಪಿತು’

ಎಎಸ್2ರಲ್ಲಿ ಬರುವ ಎಂಡಿಎನ್ ಎಂಬ ರಸೀದಿ ಹಿಂದಿನ ರಿಜಿಸ್ಟರ್ಡ್ ಅಂಚೆಯ ಎಡಿ ಕಾರ್ಡಿನ ಹಾಗೆ: ಲಕೋಟೆ ಕೈಸೇರಿತು, ಅಷ್ಟೇ. 997 ಅಥವಾ ಕಂಟ್ರೋಲ್ ಸಂದೇಶ ಬಂದರೆ ಒಳಗಿನ ವ್ಯಾಕರಣ ಸರಿಯಿದೆ ಎಂದರ್ಥ. ಆದರೂ ಆರ್ಡರ್ ನಂಬರ್ ತಪ್ಪೆಂದು ಗಿರಾಕಿಯ ವ್ಯವಸ್ಥೆ ತಿರಸ್ಕರಿಸಬಹುದು; ಅದು ತಿಳಿಯುವುದು ಅಪೆರಾಕ್, 824ರಂಥ ಸಂದೇಶದಿಂದ ಅಥವಾ ಗಿರಾಕಿಯ ಫೋನಿನಿಂದ. ಮೂರೂ ಒಂದೇ ಹಸಿರು ಚುಕ್ಕೆಯಾಗಿ ಕಾಣುವ ಪರದೆ ಬೇಡ.

ಎಎಸ್‌ಎನ್ ಎಷ್ಟು ಹೊತ್ತಿಗೆ ಹೋಗುತ್ತದೆ ಎನ್ನುವುದೂ ಅಷ್ಟೇ ಮುಖ್ಯ. ಚಾಕಣದೊಳಗಿನ ಗಿರಾಕಿಯಾದರೆ ಟೆಂಪೊ ಅರ್ಧ ಗಂಟೆಯಲ್ಲಿ ಗೇಟಿನಲ್ಲಿರುತ್ತದೆ. ಸಾಫ್ಟ್‌ವೇರ್ ಗಂಟೆಗೊಮ್ಮೆ ಕಟ್ಟು ಕಟ್ಟಿ ಕಳಿಸುವುದಾದರೆ ಗಾಡಿಯೇ ಎಎಸ್‌ಎನ್‌ಗಿಂತ ಮೊದಲು ತಲುಪಿ ಗೇಟಿನ ಹೊರಗೆ ನಿಲ್ಲುತ್ತದೆ. ಡಿಸ್ಪ್ಯಾಚಿನವನು ‘ಗಾಡಿ ನಿಘಾಲಿ’ (ಗಾಡಿ ಹೊರಟಿತು) ಅಂದ ಕೂಡಲೇ ಒಂದು ಬಟನ್ನಿನಲ್ಲಿ ಹೋಗಬೇಕು.

ಸರ್ವರ್ ನಿಮ್ಮಲ್ಲೇ ಇಟ್ಟುಕೊಳ್ಳುವ ಆಸೆಯಿದ್ದರೆ ಗುರುವಾರವನ್ನು ನೆನಪಿಸಿಕೊಳ್ಳಿ. ಭೋಸರಿಗೆ ಅಂದು ರಜೆ, ದುರಸ್ತಿಗೆಂದು ಕರೆಂಟು ತೆಗೆಯುವುದೂ ಅಂದೇ; ಹೊರದೇಶದ ಗಿರಾಕಿಗೆ ಅದು ಕೆಲಸದ ದಿನ. ಈ ಗಾತ್ರದ ಕಾರ್ಖಾನೆಗೆ ಕ್ಲೌಡೇ ವಾಸಿ.

ಐದನೆಯ ಹೆಜ್ಜೆ: ದರಪಟ್ಟಿ

ಇಬ್ಬರು ಗಿರಾಕಿ, ತಲಾ ಮೂರು ಸಂದೇಶ ಅಂದರೆ ಆರು ಮ್ಯಾಪು. ಮ್ಯಾಪು ಅಂದರೆ ನಿಮ್ಮ ಟ್ಯಾಲಿಯ ಯಾವ ಕಾಲಂ ಗಿರಾಕಿಯ ಫೈಲಿನ ಯಾವ ಜಾಗಕ್ಕೆ ಎಂಬ ಹೊಂದಾಣಿಕೆ. ಲೈಸೆನ್ಸು ಅಗ್ಗ ಎಂದು ಕೊಂಡು ಮ್ಯಾಪಿಗೆ ಹಣ ಸುರಿಯುವವರೇ ಹೆಚ್ಚು. ಪ್ರತಿ ಮ್ಯಾಪಿಗೆ ಎಷ್ಟು, ಗಿರಾಕಿ ಕೈಪಿಡಿ ಬದಲಿಸಿದಾಗ ತಿದ್ದುಪಡಿಗೆ ಎಷ್ಟು, ಶುಲ್ಕ ದಾಖಲೆಯ ಲೆಕ್ಕಕ್ಕೋ ಅಥವಾ ವ್ಯಾನ್ ಜಾಲದವರಂತೆ ಸಾವಿರ ಅಕ್ಷರದ ಲೆಕ್ಕಕ್ಕೋ, ಸಂದೇಶಗಳ ಭದ್ರತೆಗೆ ಬೇಕಾದ ಡಿಜಿಟಲ್ ಸರ್ಟಿಫಿಕೇಟಿನ ಅವಧಿ ಮುಗಿಯುವ ಮುಂಚೆ ನವೀಕರಿಸುವವರು ಯಾರು, ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವವರು ಯಾರು ಎಂದು ಬರಹದಲ್ಲಿ ಪಡೆಯಿರಿ. ಸರ್ಟಿಫಿಕೇಟ್ ಮುಗಿದ ದಿನ ಮುನ್ಸೂಚನೆಯಿಲ್ಲದೆ ಎಲ್ಲ ಸಂದೇಶವೂ ನಿಲ್ಲಬಹುದು.

ಸಹಿ ಹಾಕುವ ಮುಂಚೆ ಕರಾರಿನಲ್ಲಿ ಇನ್ನೊಂದು ಸಾಲು ಹುಡುಕಿ: ನೀವು ಬಿಟ್ಟು ಹೋದರೆ ಆ ಆರು ಮ್ಯಾಪುಗಳು ಯಾರ ಸ್ವತ್ತು? ಆ ಸಾಲು ಇಲ್ಲದಿದ್ದರೆ ಸೇರಿಸಲು ಹೇಳಿ.