ಡ್ರ್ಯಾಗ್ ರೇಸ್‌ಗೆ ಕಾರಿನ ತೂಕ ಇಳಿಸೋದು ಹೇಗೆ?

ಡ್ರ್ಯಾಗ್‌ಗೆ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ರೇಸ್‌ಗೆ, ಕಾರು ರೆಡಿ ಮಾಡಬೇಕು ಅಂದ ತಕ್ಷಣ ಹೆಚ್ಚಿನವರು ಎಕ್ಸಾಸ್ಟ್, ರೀಮ್ಯಾಪ್ (ಇಂಜಿನ್ ಕಂಪ್ಯೂಟರಿನ ಸೆಟಿಂಗ್ ಬದಲಿಸೋದು) ಅಂತ ದುಡ್ಡು ಸುರಿಯುತ್ತಾರೆ. ಅದಕ್ಕೂ ಮೊದಲು ಒಂದ್ಸಲ ಡಿಕ್ಕಿ ತೆಗೆದು ನೋಡಿ. ಸ್ಟೆಪ್ನಿ, ಜಾಕು, ಸ್ಪಾನರ್ ಚೀಲ, ಸಬ್‌ವೂಫರ್ ಪೆಟ್ಟಿಗೆ, ಯಾವತ್ತೋ ಇಟ್ಟ ನೀರಿನ ಕ್ಯಾನು. ಇಷ್ಟನ್ನೂ ಹೊತ್ತುಕೊಂಡು ಇಂಜಿನ್ 402 ಮೀಟರ್, ಅಂದರೆ ಕಾಲು ಮೈಲಿ ಓಡಬೇಕು.

ಎಷ್ಟು ಲಾಭ ಅನ್ನೋದಕ್ಕೆ ಸುಲಭ ಲೆಕ್ಕ ಇದೆ. ತೂಕ ಶೇಕಡಾ ಎಷ್ಟು ಇಳಿಯಿತೋ, ಕಾಲು ಮೈಲಿಯ ಟೈಮು ಹೆಚ್ಚುಕಮ್ಮಿ ಅದರ ಮೂರನೇ ಒಂದು ಭಾಗದಷ್ಟು ಶೇಕಡಾ ಇಳಿಯುತ್ತದೆ. ಡ್ರೈವರ್ ಸೇರಿ 1,100 ಕೆಜಿ ತೂಗುವ 100 ಎಚ್‌ಪಿ ಕಾರು 16.9 ಸೆಕೆಂಡಿಗೆ ಓಡುತ್ತೆ ಅಂದುಕೊಳ್ಳಿ. 60 ಕೆಜಿ ತೆಗೆದರೆ ಶೇ 5.5 ಇಳಿಯಿತು, ಟೈಮು ಸುಮಾರು 0.3 ಸೆಕೆಂಡ್ ಕಡಿಮೆ. ಅಮೆರಿಕದ ರೇಸರ್‌ಗಳು 45 ಕೆಜಿಗೆ 0.1 ಸೆಕೆಂಡ್ ಅಂತ ಹೇಳೋದು ಅಲ್ಲಿನ ದೊಡ್ಡ, ಭಾರದ ಕಾರುಗಳ ಲೆಕ್ಕ. ನಮ್ಮ ಸಣ್ಣ ಕಾರಿನಲ್ಲಿ 45 ಕೆಜಿ ದೊಡ್ಡ ಪಾಲು, ಲಾಭವೂ ಜಾಸ್ತಿ.

ಮೊದಲು ತೂಕ ಹಾಕಿಸಿ. ಲಾರಿ ತೂಗುವ ವೇಬ್ರಿಡ್ಜ್‌ಗೆ ಹೋಗಿ ಪೂರ್ತಿ ಕಾರಿನ ಚೀಟಿ ತಗೊಳ್ಳಿ, ಆಮೇಲೆ ಮುಂದಿನ ಎರಡು ಚಕ್ರ ಮಾತ್ರ ಪ್ಲಾಟ್‌ಫಾರ್ಮ್ ಮೇಲೆ ನಿಲ್ಲಿಸಿ ಇನ್ನೊಂದು ಚೀಟಿ ತಗೊಳ್ಳಿ. ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಆಗ ಗೊತ್ತಾಗುತ್ತದೆ. ಬಿಚ್ಚಿದ ಪ್ರತಿ ಸಾಮಾನನ್ನೂ ಮನೆಯ ತೂಕದ ಮೆಷಿನ್ ಮೇಲೆ ಎತ್ತಿ ಹಿಡಿದು ನಿಂತುಕೊಂಡು, ನಿಮ್ಮ ತೂಕ ಕಳೆದು ಬರೆದಿಡಿ.

ಎಲ್ಲಿಂದ ತೆಗೀತೀರಿ ಅನ್ನೋದೇ ಇಲ್ಲಿ ಮುಖ್ಯ. ಲಾಂಚ್ ಆದ (ನಿಂತಲ್ಲಿಂದ ಕಾರು ಚಿಮ್ಮಿದ) ಕೂಡಲೇ ಭಾರ ಹಿಂದಕ್ಕೆ ಹೋಗುತ್ತದೆ. ಸ್ವಿಫ್ಟ್, ಪೋಲೋ, ಸಿಟಿ ತರಹ ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಆಗ ಮುಂದಿನ ಟೈರ್ ಹಿಡಿತ ಬಿಟ್ಟು ಸುಮ್ನೆ ತಿರುಗುತ್ತದೆ. ಅದಕ್ಕೇ ಈ ಕಾರುಗಳಲ್ಲಿ ಹಿಂದಿನಿಂದ ತೆಗೆಯಿರಿ: ಸ್ಟೆಪ್ನಿ, ಹಿಂದಿನ ಸೀಟು, ಡಿಕ್ಕಿಯ ಹಲಗೆ, ಮ್ಯಾಟು. ಹಿಂದಿನ ಚಕ್ರ ತಳ್ಳುವ ಕಾರಿಗೆ ಇದರ ಉಲ್ಟಾ. ಮುಂದಿನ ಭಾರ ಇಳಿಸಿ, ಬ್ಯಾಟರಿಯನ್ನು ಡಿಕ್ಕಿಗೆ ಸಾಗಿಸಿ. ಸೀಟು ತೆಗೆಯೋದು ಹೊಸದೇನಲ್ಲ: ಅಮೆರಿಕದ 2018ರ ಡಾಡ್ಜ್ ಡೀಮನ್ ಕಾರನ್ನು ಕಂಪನಿಯೇ ಡ್ರೈವರ್ ಸೀಟು ಮಾತ್ರ ಇಟ್ಟು ಮಾರಿತು. ಪಕ್ಕದ ಸೀಟು ಬೇಕು ಅಂದವರಿಗೆ 1 ಡಾಲರ್, ಹಿಂದಿನ ಸೀಟಿಗೆ ಇನ್ನೊಂದು ಡಾಲರ್!

ಚಕ್ರದ ತೂಕಕ್ಕೆ ಬೆಲೆ ಜಾಸ್ತಿ. ಅದು ಮುಂದಕ್ಕೂ ಹೋಗಬೇಕು, ಜೊತೆಗೆ ತಿರುಗಲೂ ಬೇಕು. ರಿಮ್ಮಿನ ಅಂಚಲ್ಲಿ, ಟೈರಲ್ಲಿ ಇಳಿಸಿದ 1 ಕೆಜಿ ಬಾಡಿಯಿಂದ ಇಳಿಸಿದ ಸುಮಾರು 2 ಕೆಜಿಗೆ ಸಮ. ಚೆಂದಕ್ಕೆ ಅಂತ 17 ಇಂಚಿನ ಭಾರದ ಅಲಾಯ್ ಹಾಕಿಸಿದ್ದರೆ ಮೊದಲು ಅದನ್ನೇ ಬದಲಾಯಿಸಿ. ಕಾರ್ಬನ್ ಫೈಬರ್ ಬಾನೆಟ್ಟಿನ ಯೋಚನೆ ಆಮೇಲೆ.

ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆಜಿ. 30 ಲೀಟರ್ ಕಡಿಮೆ ಇದ್ದರೆ 22 ಕೆಜಿ ಪುಕ್ಕಟೆ ಇಳಿಯಿತು. ಆದರೆ ತೀರಾ ಖಾಲಿ ಮಾಡಬೇಡಿ. ನಾನು ಒಮ್ಮೆ ರಿಸರ್ವ್‌ನಲ್ಲೇ ಲೈನಿಗೆ ಹೋಗಿದ್ದೆ, ಕ್ಲಚ್ ಬಿಟ್ಟ ಕೂಡಲೇ ಪೆಟ್ರೋಲ್ ಹಿಂದಕ್ಕೆ ಸರಿದು ಪಂಪಿಗೆ ಸಿಗದೆ ಸೆಕೆಂಡ್ ಗೇರಿನಲ್ಲಿ ಇಂಜಿನ್ ಮುಗ್ಗರಿಸಿತು, ಆ ರನ್ ಅಲ್ಲಿಗೇ ಹೋಯಿತು. 8ರಿಂದ 10 ಲೀಟರ್ ಇರಲಿ.

ಬ್ರೇಕು, ಸೀಟ್ ಬೆಲ್ಟು, ಏರ್‌ಬ್ಯಾಗು, ಬಾಗಿಲೊಳಗಿನ ಕಬ್ಬಿಣದ ಅಡ್ಡಪಟ್ಟಿ ಮುಟ್ಟಲೇಬೇಡಿ. ಫಿನಿಶ್ ದಾಟಿದ ಮೇಲೆ ಕಾರು ನಿಲ್ಲಬೇಕಲ್ವಾ? ಇದೆಲ್ಲ ಡ್ರ್ಯಾಗ್ ಸ್ಟ್ರಿಪ್ಪಿಗೆ (ಈ ರೇಸ್‌ಗೆ ಅಂತಲೇ ಇರುವ ಟ್ರ್ಯಾಕ್), ರನ್‌ವೇ ಈವೆಂಟಿಗೆ ಮಾತ್ರ. ರಸ್ತೆಯಲ್ಲಿ ರೇಸ್ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅಪರಾಧ, ಅದಕ್ಕಿಂತ ಮುಖ್ಯವಾಗಿ ಎದುರಿಗೆ ಬರುವವರಿಗೆ ನೀವು ರೇಸಲ್ಲಿದ್ದೀರಿ ಅಂತ ಗೊತ್ತಿರುವುದಿಲ್ಲ.

ಕೆಲಸ ಆಗಿದೆಯಾ ಅಂತ ನೋಡಲು ಒಂದೇ ದಿನ, ಅದೇ ಟೈರ್ ಗಾಳಿಯಲ್ಲಿ, ತೂಕ ಇಟ್ಟು ಮೂರು ರನ್, ತೆಗೆದು ಮೂರು ರನ್ ಮಾಡಿ. ಬರೀ ಟೈಮ್ ನೋಡಿದರೆ ಮೋಸ ಹೋಗಬಹುದು, ಒಂದು ಒಳ್ಳೆ ಲಾಂಚ್ ಬಿದ್ದರೂ ಟೈಮ್ ಇಳಿಯುತ್ತದೆ. ಫಿನಿಶ್ ಲೈನಿನ ಸ್ಪೀಡ್ ನೋಡಿ. ಅದೂ ಏರಿದ್ದರೆ ತೂಕ ಇಳಿಸಿದ್ದು ಕೆಲಸ ಮಾಡಿದೆ ಅಂತ ಅರ್ಥ.