ಸೆಕ್ವೋಯಾ ಕಾಡಿಗೆ ಅಪ್ಪ-ಅಮ್ಮನನ್ನು ಕರೆದೊಯ್ಯುವುದು ಹೇಗೆ?

ಬೇಸಿಗೆ ಬಂತೆಂದರೆ ಕ್ಯಾಲಿಫೋರ್ನಿಯಾದ ಕನ್ನಡಿಗರ ಮನೆಗಳಿಗೆ ಊರಿನಿಂದ ಅಪ್ಪ-ಅಮ್ಮ ಬಂದಿಳಿಯುತ್ತಾರೆ. ಯೊಸೆಮಿಟಿ, ಲಾಸ್ ವೇಗಸ್ ಆದ ಮೇಲೆ ಪಟ್ಟಿಯಲ್ಲಿ ಮುಂದಿನದು ಸೆಕ್ವೋಯಾ ನ್ಯಾಷನಲ್ ಪಾರ್ಕಿನ ‘ದೊಡ್ಡ ಮರ’. ನಸುಕಿಗೇ ಬೇ ಏರಿಯಾ ಬಿಟ್ಟು, ಐದು ಗಂಟೆ ಕಾರು ಓಡಿಸಿ, ಮಟಮಟ ಮಧ್ಯಾಹ್ನ ಪಾರ್ಕಿಂಗ್ ಸಿಗದೆ ಸುತ್ತು ಹೊಡೆದು, ಜನರಲ್ ಶರ್ಮನ್ ಮರದ ಮುಂದೆ ಸಾಲು ನಿಂತು ಒಂದು ಫೋಟೊ ತೆಗೆಸಿಕೊಳ್ಳುತ್ತಾರೆ. ವಾಪಸ್ ಬರುವಾಗ ಏರು ಹತ್ತಲಾರದೆ ಅಮ್ಮ ಮೆಟ್ಟಿಲ ಮೇಲೆಯೇ ಕುಳಿತುಬಿಡುತ್ತಾರೆ. ಇಷ್ಟಾದರೂ ಕಾಡಿನೊಳಕ್ಕೆ ಯಾರೂ ಕಾಲಿಟ್ಟಿರುವುದಿಲ್ಲ. ಕಾಡು ಇರುವುದು ಶರ್ಮನ್ ಮರದ ಹತ್ತಿರದಿಂದಲೇ ಹೊರಡುವ ಕಾಂಗ್ರೆಸ್ ಟ್ರೇಲ್ ಎಂಬ ಕಾಲುಹಾದಿಯಲ್ಲಿ. ಹಿರಿಯರ ಮಂಡಿ ಕೈಕೊಡದಂತೆ ಅದನ್ನು ನಡೆದು ಬರುವ ಕ್ರಮ ಇಲ್ಲಿದೆ.

ಮೊದಲು ಮರ ಯಾವುದು ಎಂದು ತಿಳಿದುಕೊಳ್ಳಿ

ಸ್ಯಾನ್‌ಫ್ರಾನ್ಸಿಸ್ಕೊ ಪಕ್ಕದ ಮ್ಯೂರ್ ವುಡ್ಸ್ ನೋಡಿ ಬಂದವರು ‘ಅದೇ ಮರ ತಾನೆ, ಮತ್ತೆ ಯಾಕೆ’ ಎನ್ನುವುದುಂಟು. ಅದೇ ಮರ ಅಲ್ಲ. ಅಲ್ಲಿರುವುದು ಕರಾವಳಿಯ ಮಂಜು ಕುಡಿದು ಬೆಳೆಯುವ ರೆಡ್‌ವುಡ್. ಎತ್ತರದಲ್ಲಿ ಅದಕ್ಕೆ ಸಾಟಿಯಿಲ್ಲ, 115 ಮೀಟರ್ ದಾಟಿದ ಮರವೂ ಇದೆ. ಜೈಂಟ್ ಸೆಕ್ವೋಯಾ ತಾನಾಗಿ ಬೆಳೆಯುವುದು ಸಿಯೆರಾ ನೆವಾಡಾ ಬೆಟ್ಟಸಾಲಿನ ಪಶ್ಚಿಮ ಇಳಿಜಾರಿನಲ್ಲಿ ಮಾತ್ರ. ಅದರ ಹೆಚ್ಚುಗಾರಿಕೆ ಗಾತ್ರದಲ್ಲಿ. ಶರ್ಮನ್ ಮರದ ಎತ್ತರ 83.8 ಮೀಟರ್, ಅಂದರೆ 275 ಅಡಿ. ಮುರುಡೇಶ್ವರದ ರಾಜಗೋಪುರಕ್ಕಿಂತ ಮೂವತ್ತೇಳೆಂಟು ಅಡಿ ಹೆಚ್ಚು. ನೆಲಮಟ್ಟದಲ್ಲಿ ಸುತ್ತಳತೆ 31 ಮೀಟರ್. ತಬ್ಬಲು ಹತ್ತೊಂಬತ್ತು ಜನ ಕೈಕೈ ಹಿಡಿಯಬೇಕು. ಕಾಂಡದ ಘನಗಾತ್ರ ಸುಮಾರು 1,487 ಘನ ಮೀಟರ್. ಅದು ಜಗತ್ತಿನ ಅತಿ ದೊಡ್ಡ ಮರ ಎನಿಸಿಕೊಂಡಿರುವುದು ಈ ಕೊನೆಯ ಲೆಕ್ಕದಲ್ಲಿ. ಅತಿ ಎತ್ತರದ್ದೂ ಅಲ್ಲ, ಅತಿ ಹಳೆಯದೂ ಅಲ್ಲ.

ಕಾಂಡದೊಳಗೆ ಕಾರು ಓಡಿಸುವ ಮರ ಕೇಳಿಕೊಂಡು ಬರುವವರಿಗೆ ಒಂದು ಮಾತು. ಆ ಹಳೆಯ ಫೋಟೊದಲ್ಲಿರುವ ವವೋನಾ ಮರ ಯೊಸೆಮಿಟಿಯದು, ಬಿದ್ದುಹೋದದ್ದು 1969ರಲ್ಲಿ. ಸೆಕ್ವೋಯಾ ಉದ್ಯಾನದಲ್ಲಿರುವುದು ಟನಲ್ ಲಾಗ್: 1937ರಲ್ಲಿ ತಾನಾಗಿ ರಸ್ತೆಗೆ ಅಡ್ಡ ಬಿದ್ದ ಮರ, ಮರುವರ್ಷ ಅದರಲ್ಲೇ ಕಿಂಡಿ ಕೊರೆದರು. ಕಿಂಡಿಯ ಎತ್ತರ 8 ಅಡಿ. ಕಾರಿನ ತಲೆಯ ಮೇಲೆ ಸೈಕಲ್ ಕಟ್ಟಿದ್ದರೆ ನುಗ್ಗಬೇಡಿ.

ಫೋನಿನ ನಕ್ಷೆಗೆ ಯಾವ ಹೆಸರು ಹಾಕಬೇಕು

‘ಸೆಕ್ವೋಯಾ’ ಎಂದಷ್ಟೇ ಹಾಕಿದರೆ ಕೆಟ್ಟಿರಿ. ಸೆಕ್ವೋಯಾ ನ್ಯಾಷನಲ್ ಪಾರ್ಕ್ ಬೇರೆ, ಸೆಕ್ವೋಯಾ ನ್ಯಾಷನಲ್ ಫಾರೆಸ್ಟ್ ಬೇರೆ. ಎರಡನೆಯದರ ದಕ್ಷಿಣ ತುದಿಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೋಣೆ ಕಾಯ್ದಿರಿಸಿ, ಆಮೇಲೆ ಶರ್ಮನ್ ಮರ ಗಂಟೆಗಟ್ಟಲೆ ದೂರ ಎಂದು ತಿಳಿದು ಪೇಚಾಡುವವರು ಪ್ರತಿ ವರ್ಷ ಇದ್ದಾರೆ. ಕೆಲವೊಮ್ಮೆ ಫೋನು ಮಿನರಲ್ ಕಿಂಗ್ ಕಡೆಯ ಕಿರಿದಾದ ಬೆಟ್ಟದ ರಸ್ತೆಗೂ ತಿರುಗಿಸಿಬಿಡುತ್ತದೆ. ಹಾಕಬೇಕಾದ ಹೆಸರು ಫುಟ್‌ಹಿಲ್ಸ್ ವಿಸಿಟರ್ ಸೆಂಟರ್, ಆಮೇಲೆ ಜೈಂಟ್ ಫಾರೆಸ್ಟ್ ಮ್ಯೂಸಿಯಂ. ಮನೆಯಲ್ಲೇ ನಕ್ಷೆ ಇಳಿಸಿಕೊಳ್ಳಿ, ಮೇಲೆ ಸಿಗ್ನಲ್ ಇರುವುದಿಲ್ಲ. ಗೇಟಿನಲ್ಲಿ ಕೊಡುವ ಕಾಗದದ ನಕ್ಷೆಯನ್ನು ಮಡಚಿ ಹಿಂದಿನ ಸೀಟಿಗೆ ಎಸೆಯಬೇಡಿ, ಬೇಕಾಗುತ್ತದೆ.

ಒಂದೇ ದಿನದಲ್ಲಿ ಹೋಗಿ ಬರುವ ಯೋಚನೆ ಬಿಡಿ. ಹಿಂದಿನ ರಾತ್ರಿ ಗೇಟಿನ ಹತ್ತಿರದ ಊರು ತ್ರೀ ರಿವರ್ಸ್‌ನಲ್ಲಿ ಉಳಿಯಿರಿ. ಅಲ್ಲಿ ದುಬಾರಿ ಎನಿಸಿದರೆ ಕೆಳಗೆ ಬಯಲಿನ ವೈಸೇಲಿಯಾದಲ್ಲಿ. ಪೆಟ್ರೋಲನ್ನೂ ಅಲ್ಲೇ ತುಂಬಿಸಿ, ಉದ್ಯಾನದೊಳಗೆ ಬಂಕ್ ಇಲ್ಲ. ಎಲೆಕ್ಟ್ರಿಕ್ ಕಾರಾದರೆ ಚಾರ್ಜ್ ಕೂಡ ಅಲ್ಲೇ ಪೂರ್ತಿ ಆಗಿರಲಿ, ಏರು ಬ್ಯಾಟರಿಯನ್ನು ನುಂಗುತ್ತದೆ.

ಗೇಟಿನ ಲೆಕ್ಕ ಬದಲಾಗಿದೆ. ಒಂದು ಕಾರಿಗೆ ಏಳು ದಿನಕ್ಕೆ 35 ಡಾಲರ್ ಎಂಬುದು ಎಲ್ಲರಿಗೂ ಗೊತ್ತು. ಅಮೆರಿಕದ ನಿವಾಸಿಗಳಲ್ಲದ, 16 ತುಂಬಿದ ಪ್ರತಿಯೊಬ್ಬರಿಗೂ 2026ರ ಜನವರಿಯಿಂದ ಹೆಚ್ಚುವರಿ 100 ಡಾಲರ್ ಹಾಕಿದ್ದಾರೆ. ಹಾಗೆ ಮಾಡಿದ 11 ಉದ್ಯಾನಗಳಲ್ಲಿ ಇದೂ ಒಂದು, ಯೊಸೆಮಿಟಿಯೂ ಒಂದು. ಊರಿಂದ ಬಂದ ಅಪ್ಪ-ಅಮ್ಮ ಇಬ್ಬರನ್ನೂ ಎರಡೂ ಕಡೆ ಸುತ್ತಿಸುವುದಿದ್ದರೆ, ಹೊರದೇಶದವರಿಗೆಂದೇ ಇರುವ 250 ಡಾಲರಿನ ವಾರ್ಷಿಕ ಪಾಸಿನ ನಿಯಮ ಓದಿ, ಲೆಕ್ಕ ಹಾಕಿ ನೋಡಿ.

ಬೆಟ್ಟ ಹತ್ತುವುದು

ಗೇಟಿನಿಂದ ಶರ್ಮನ್ ಮರವಿರುವ ಕಾಡು ಜೈಂಟ್ ಫಾರೆಸ್ಟ್‌ಗೆ ಹದಿನಾರು-ಹದಿನೇಳು ಮೈಲಿ. ಆಗುಂಬೆ, ಚಾರ್ಮಾಡಿ ಘಾಟಿಯಲ್ಲಿ ಹೊಟ್ಟೆ ತೊಳಸುವವರಿಗೆ ಇಲ್ಲೂ ತೊಳಸುತ್ತದೆ. ತಿರುವುಗಳು ನೂರಕ್ಕೂ ಹೆಚ್ಚು. ವಾಂತಿಯ ಮಾತ್ರೆಯನ್ನು ಹೊರಡುವ ಮೊದಲೇ ಕೊಡಿ, ತಿರುವು ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಬರುತ್ತದೆ. ಎರಡು ಕುಟುಂಬ ಸೇರಿ ದೊಡ್ಡ ಮೋಟಾರ್‌ಹೋಮ್ ಬಾಡಿಗೆಗೆ ತರುವ ಉಪಾಯ ಬೇಡ: 22 ಅಡಿಗಿಂತ ಉದ್ದದ ಗಾಡಿಗೆ ಈ ದಾರಿ ತಕ್ಕದ್ದಲ್ಲ. ಅಂಥವರು ಫ್ರೆಸ್ನೊ ಕಡೆಯಿಂದ 180ನೇ ಹೆದ್ದಾರಿ ಹಿಡಿದು ಬರಬೇಕು.

ಬಟ್ಟೆಯಲ್ಲಿ ಮೋಸ ಹೋಗುವವರೇ ಹೆಚ್ಚು. ಜುಲೈನಲ್ಲಿ ವೈಸೇಲಿಯಾದಲ್ಲಿ 38-40 ಡಿಗ್ರಿ ಸೆಕೆ ಇರುತ್ತದೆ, ಅದೇ ಗುಂಗಿನಲ್ಲಿ ಹತ್ತಿಯ ಸೀರೆಯಲ್ಲಿ ಹೊರಡುತ್ತಾರೆ. ಶರ್ಮನ್ ಮರ ಇರುವುದು ಸುಮಾರು 2,100 ಮೀಟರಿನಲ್ಲಿ, ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ. ಬೆಳಗ್ಗೆ ನೆರಳಿನಲ್ಲಿ ಸ್ವೆಟರ್ ಬೇಕೇ ಬೇಕು.

ಕಷ್ಟದ ಹಂತ: ಶರ್ಮನ್ ಮರದ ಇಳಿಜಾರು

ಎಡವುವುದೆಲ್ಲ ಇಲ್ಲಿ. ವುಲ್ವರ್ಟನ್ ರಸ್ತೆಯ ದೊಡ್ಡ ಪಾರ್ಕಿಂಗ್ ಇರುವುದು ಮರಕ್ಕಿಂತ ಮೇಲೆ. ಅಲ್ಲಿಂದ ಮರಕ್ಕೆ ಅರ್ಧ ಮೈಲಿ. ಡಾಂಬರು ಹಾದಿ, ನಡುನಡುವೆ ಮೆಟ್ಟಿಲು. ಇಳಿಯುವಾಗ ಎಲ್ಲರೂ ನಗುನಗುತ್ತಾ ಇಳಿಯುತ್ತಾರೆ. ಇಳಿದದ್ದು 200 ಅಡಿ ಎಂಬುದು, ಅಂದರೆ ಇಪ್ಪತ್ತು ಮಹಡಿ ಹತ್ತಬೇಕು ಎಂಬುದು, ಗೊತ್ತಾಗುವುದು ತಿರುಗಿ ನಿಂತಾಗ. ಆ ಎತ್ತರದ ತೆಳುಗಾಳಿಯಲ್ಲಿ ಆರೋಗ್ಯವಂತರಿಗೂ ಏದುಸಿರು ಬರುತ್ತದೆ. ಬಿ.ಪಿ., ಹೃದಯದ ತೊಂದರೆ ಇರುವವರ ಮಾತು ಹೇಳಬೇಕಿಲ್ಲ.

ಸರಿಯಾದ ಕ್ರಮ ಇದು. ಬೆಳಗ್ಗೆ ಎಂಟರೊಳಗೆ ಮೇಲಿನ ಪಾರ್ಕಿಂಗ್‌ನಲ್ಲಿ ಗಾಡಿ ನಿಲ್ಲಿಸಿ. ಹತ್ತರ ಮೇಲೆ ಬಂದರೆ ಜಾಗಕ್ಕಾಗಿ ಸುತ್ತುವುದರಲ್ಲೇ ಹೊತ್ತು ಹೋಗುತ್ತದೆ. ಶೌಚಾಲಯದ ಕೆಲಸ ಅಲ್ಲೇ ಮುಗಿಸಿ. ನಿಧಾನವಾಗಿ ಇಳಿಯಿರಿ, ಮಂಡಿ ನೋವಿನವರಿಗೆ ಏರಿಗಿಂತ ಇಳಿಜಾರೇ ಹೆಚ್ಚು ಕಾಡುತ್ತದೆ, ಒಂದು ಊರುಗೋಲು ಕೈಯಲ್ಲಿರಲಿ. ದಾರಿಯಲ್ಲಿ ಶರ್ಮನ್ ಮರದ ಬುಡದ ಅಳತೆಯನ್ನು ನೆಲದ ಮೇಲೆ ಗುರುತು ಮಾಡಿದ ಜಾಗ ಸಿಗುತ್ತದೆ. ಅದರ ನಡುವೆ ಮನೆಮಂದಿಯನ್ನೆಲ್ಲ ನಿಲ್ಲಿಸಿ ನೋಡಿ. ಮರದ ಮುಂದೆ ನಿಂತಾಗ ತಲೆಗೆ ಹತ್ತದ ಅಳತೆ ಇಲ್ಲಿ ಹತ್ತುತ್ತದೆ.

ಹಿಂತಿರುಗುವಾಗ ಆ ಮೆಟ್ಟಿಲನ್ನು ಹಿರಿಯರು ಹತ್ತಬೇಕಿಲ್ಲ. ಮರದ ಕೆಳಗೆ, ಜನರಲ್ಸ್ ಹೈವೇ ಪಕ್ಕದಲ್ಲಿ ಇನ್ನೊಂದು ಚಿಕ್ಕ ಪಾರ್ಕಿಂಗ್ ಇದೆ. ಅಲ್ಲಿಗೆ ಹೋಗುವ ಹಾದಿ ಚಿಕ್ಕದು, ಗಾಲಿಕುರ್ಚಿಯೂ ಸಾಗುವಂಥದ್ದು. ಬೇಸಿಗೆಯಲ್ಲಿ ಉದ್ಯಾನದ ಪುಕ್ಕಟೆ ಶಟಲ್ ಬಸ್ಸು ಮೇಲಿನ ಪಾರ್ಕಿಂಗ್‌ನಲ್ಲೂ ನಿಲ್ಲುತ್ತದೆ, ಈ ಕೆಳಗಿನದರಲ್ಲೂ ನಿಲ್ಲುತ್ತದೆ. ಮೇಲಿಂದ ಇಳಿದು, ನಡೆದು, ಕೆಳಗೆ ಬಸ್ಸು ಹತ್ತಿ ಮೇಲಕ್ಕೆ ಬಂದರಾಯಿತು. ಇದು ಗೊತ್ತಿಲ್ಲದೆ ಅರ್ಧ ಗಂಟೆ ಏದುಸಿರು ಬಿಡುವವರನ್ನು ಯಾವ ಶನಿವಾರ ಬೇಕಾದರೂ ಎಣಿಸಬಹುದು. ಶಟಲ್ ಓಡುವ ತಿಂಗಳು, ಕೊನೆಯ ಬಸ್ಸಿನ ಹೊತ್ತು ಎರಡನ್ನೂ ಮೊದಲೇ ನೋಡಿಟ್ಟುಕೊಳ್ಳಿ.

ಕೆಳಗಿನ ಪಾರ್ಕಿಂಗ್‌ನಲ್ಲೇ ಕಾರು ನಿಲ್ಲಿಸುವ ಅಡ್ಡದಾರಿ ಬೇಡ. ಅದು ಅಂಗವೈಕಲ್ಯದ ಪರವಾನಗಿ ಇರುವ ಗಾಡಿಗಳಿಗೆ ಮೀಸಲು, ದಂಡ ಬೀಳುತ್ತದೆ. ನಿಜವಾಗಿಯೂ ನಡೆಯಲಾಗದವರು ಜತೆಗಿದ್ದರೆ ವಿಸಿಟರ್ ಸೆಂಟರ್‌ನಲ್ಲಿ ತಾತ್ಕಾಲಿಕ ಪರವಾನಗಿ ಕೇಳಿ ನೋಡಿ.

ಫೋಟೊ ಬಗ್ಗೆ. ಮರದ ಫಲಕದ ಮುಂದೆ ಸಾಲು ನಿಲ್ಲುವುದು ವ್ಯರ್ಥ. ಅಲ್ಲಿಂದ ತೆಗೆದರೆ ಒಂದು ಕಂದು ಗೋಡೆ, ನಾಲ್ಕು ತಲೆ. ಇಳಿಯುವ ಹಾದಿಯಲ್ಲಿ ಮರ ಎದುರಾಗುವ ತಿರುವಿನಿಂದ, ಫೋನನ್ನು ನೆಟ್ಟಗೆ ಹಿಡಿದು ತೆಗೆಯಿರಿ. ಫೋಟೊದಲ್ಲಿ ಇರಬೇಕಾದವರು ಕ್ಯಾಮೆರಾದ ಹತ್ತಿರ ಬೇಡ, ಕೆಳಗೆ ಬೇಲಿಯ ಪಕ್ಕದಲ್ಲಿ ನಿಲ್ಲಲಿ. ಕ್ಯಾಮೆರಾ ಹತ್ತಿರ ನಿಂತರೆ ಮನುಷ್ಯ ದೊಡ್ಡವನಾಗಿ ಮರ ಕುಗ್ಗುತ್ತದೆ. ಫೋನಿನ 0.5 ಲೆನ್ಸ್ ಇಡೀ ಮರವನ್ನು ಹಿಡಿಯುತ್ತದೆ ನಿಜ, ಆದರೆ ತುದಿಯನ್ನು ಹಿಂಡಿ ಕ್ಯಾರೆಟ್ ಮಾಡಿಬಿಡುತ್ತದೆ.

ಬೇಲಿ ದಾಟಬೇಡಿ. ಈ ಮರಕ್ಕೆ ತಾಯಿಬೇರು ನಿಲ್ಲುವುದಿಲ್ಲ. ಬೇರುಗಳು ಮೇಲ್ಮಣ್ಣಿನಲ್ಲೇ ಮೂವತ್ತು ಮೀಟರು, ಇನ್ನೂ ಆಚೆಗೂ ಹರಡುತ್ತವೆ. ಲಕ್ಷ ಕಾಲು ತುಳಿದರೆ ಮಣ್ಣು ಗಟ್ಟಿಯಾಗಿ ನೀರು ಇಳಿಯುವುದಿಲ್ಲ. ಇದೇ ಕಾಡಿನೊಳಗೆ ಹಿಂದೆ ಹೋಟೆಲು, ಅಂಗಡಿ, ಗುಡಿಸಲು ಎಂದು ತುಂಬಿಹೋಗಿದ್ದ 282 ಕಟ್ಟಡಗಳನ್ನು 1990ರ ದಶಕದ ಕೊನೆಗೆ ಕಿತ್ತುಹಾಕಿದ್ದು ಬೇರುಗಳ ಸಲುವಾಗಿಯೇ. ಈಗಿನ ಮ್ಯೂಸಿಯಂ ಆ ಕಾಲದ ಅಂಗಡಿಯ ಕಟ್ಟಡ.

ಇನ್ನು ಕಾಂಗ್ರೆಸ್ ಟ್ರೇಲ್

ಶರ್ಮನ್ ಮರಕ್ಕೆ ಇಪ್ಪತ್ತು ನಿಮಿಷ ಸಾಕು. ಉಳಿದ ಎರಡು ಗಂಟೆ ಇದಕ್ಕೆ ಕೊಡಿ. 4.7 ಕಿ.ಮೀ. ಸುತ್ತು, ಡಾಂಬರು ಹಾದಿ, ಸಣ್ಣಪುಟ್ಟ ಏರಿಳಿತ. ಮೊದಲ ಹತ್ತು ನಿಮಿಷದಲ್ಲೇ ಫೋಟೊ ಸಾಲಿನ ಗದ್ದಲ ಹಿಂದಾಗುತ್ತದೆ. ಬೇರೆ ಟ್ರೇಲ್‌ಗಳು ಅಲ್ಲಲ್ಲಿ ಕೂಡಿಕೊಳ್ಳುವುದರಿಂದ ಪ್ರತಿ ಕವಲಿನಲ್ಲೂ ಫಲಕ ಓದಿ. ಕಾಲಡಿಯ ಡಾಂಬರು ಮುಗಿದು ಮಣ್ಣು ಬಂತೆಂದರೆ ದಾರಿ ತಪ್ಪಿದ್ದೀರಿ. ಒಬ್ಬೊಬ್ಬರಿಗೆ ಒಂದು ಲೀಟರ್ ನೀರು.

ಹಾದಿಯ ದೂರದ ತುದಿಯಲ್ಲಿ ಪ್ರೆಸಿಡೆಂಟ್ ಎಂಬ ಮರವಿದೆ. ವಯಸ್ಸಿನ ಅಂದಾಜು 3,200 ವರ್ಷ, ಶರ್ಮನ್‌ಗಿಂತ ಸಾವಿರ ವರ್ಷ ಹಿರಿಯ. ಅದರ ಹತ್ತಿರದ ಸೆನೆಟ್, ಹೌಸ್ ಎಂಬ ಎರಡು ಗುಂಪುಗಳನ್ನು ನೋಡದೆ ಯಾರೂ ತಿರುಗಬಾರದು. ಒತ್ತಾಗಿ ನಿಂತ ಹತ್ತಾರು ಕಾಂಡಗಳ ನಡುವೆ ದಾರಿ ಹೋಗುತ್ತದೆ. ಒಂಟಿಮರವನ್ನು ಎಷ್ಟು ನೋಡಿದರೂ ಸಿಗದ ಅನುಭವ ಅದು.

ಮರ ಮುಟ್ಟುವ ಆಸೆಯನ್ನೂ ಇಲ್ಲೇ ತೀರಿಸಿಕೊಳ್ಳಿ. ಹಾದಿಗೆ ತಾಗಿಕೊಂಡೇ ಇರುವ ಮರಗಳಿವೆ, ಡಾಂಬರು ಬಿಟ್ಟು ಇಳಿಯಬೇಕಿಲ್ಲ. ತೊಗಟೆ ಕಲ್ಲಿನಂತಿರುತ್ತದೆ ಎಂದುಕೊಂಡವರಿಗೆ ಆಶ್ಚರ್ಯ ಕಾದಿದೆ: ತೆಂಗಿನಕಾಯಿಯ ಸಿಪ್ಪೆಯಂತೆ ನಾರುನಾರು, ಒತ್ತಿದರೆ ಮೆತ್ತಗೆ. ಎರಡು ಅಡಿಯವರೆಗೂ ದಪ್ಪವಿರುವ ಈ ತೊಗಟೆಯೇ ಬೆಂಕಿಗೆ ಅಡ್ಡ ನಿಲ್ಲುವುದು. ಬುಡದಲ್ಲಿ ಗುಡಿಯ ಬಾಗಿಲಿನಂತೆ ಕಾಣುವ ಕಪ್ಪು ಪೊಟರೆಗಳು ಹಳೆಯ ಬೆಂಕಿಯ ಗುರುತು, ಮರ ಸತ್ತಿಲ್ಲ. ಸಣ್ಣ ಬೆಂಕಿ ಇದಕ್ಕೆ ಬೇಕು ಕೂಡ: ಇಪ್ಪತ್ತು ವರ್ಷದವರೆಗೂ ಮುಚ್ಚಿಕೊಂಡೇ ಇರಬಲ್ಲ, ಕೋನ್ ಎಂಬ ಬೀಜದ ಕಾಯಿಗಳು ಬಿಸಿಗೆ ಒಣಗಿ ಬಾಯಿಬಿಟ್ಟು ಬೀಜ ಉದುರಿಸುತ್ತವೆ, ಬೀಜಕ್ಕೆ ಬೇಕಾದ ಬರಿಮಣ್ಣನ್ನೂ ಬೆಂಕಿಯೇ ಒದಗಿಸುತ್ತದೆ. ತಡೆಯಲಾರದ್ದು ದೊಡ್ಡ ಬೆಂಕಿ. 2020 ಮತ್ತು 2021ರ ಕಾಳ್ಗಿಚ್ಚುಗಳಲ್ಲಿ ಲೋಕದ ದೊಡ್ಡ ಸೆಕ್ವೋಯಾಗಳಲ್ಲಿ ನೂರಕ್ಕೆ 13ರಿಂದ 19ರಷ್ಟು ಹೋದವೆಂದು ಅಂದಾಜು. ಶರ್ಮನ್ ಮರದ ಬುಡಕ್ಕೆ ಅಲ್ಯೂಮಿನಿಯಂ ಹಾಳೆ ಸುತ್ತಿದ್ದು 2021ರ ಸೆಪ್ಟೆಂಬರಿನಲ್ಲಿ. ಕಾಳ್ಗಿಚ್ಚಿನ ಕಾಲದಲ್ಲಿ ಹೊರಡುವ ದಿನ ಬೆಳಗ್ಗೆ ರಸ್ತೆ ತೆರೆದಿದೆಯೇ ನೋಡಿ.

ಕೆಳಗೆ ಬಿದ್ದ ಕೋಳಿಮೊಟ್ಟೆ ಗಾತ್ರದ ಕೋನ್ ಜೇಬಿಗಿಳಿಸಬೇಡಿ, ಅದು ಅಪರಾಧ. ಅಂಗಡಿಯಲ್ಲಿ ಮಾರುವ ಸಸಿ ತಂದು ಬೆಂಗಳೂರಿನಲ್ಲಿ ನೆಡುವ ಯೋಚನೆಯೂ ವ್ಯರ್ಥ. ವಿಮಾನ ನಿಲ್ದಾಣದ ತಪಾಸಣೆ ಹಾಗಿರಲಿ, ಅದಕ್ಕೆ ಬೇಕಾದ ಹಿಮ ನಮ್ಮಲ್ಲಿ ಎಲ್ಲಿದೆ?

ಎರಡು ಗಂಟೆ ನಡೆಯಲಾಗದವರಿಗೆ ಮ್ಯೂಸಿಯಂ ಎದುರಿನ ಬಿಗ್ ಟ್ರೀಸ್ ಟ್ರೇಲ್ ಇದೆ. ಹುಲ್ಲುಗಾವಲಿನ ಸುತ್ತ ಸಮತಟ್ಟು ಹಾದಿ, ಹೋಗಿಬರಲು ಎರಡು ಕಿ.ಮೀ. ಮೋರೊ ರಾಕ್‌ನ 350ಕ್ಕೂ ಹೆಚ್ಚು ಮೆಟ್ಟಿಲನ್ನು ಅದೇ ದಿನ ಹತ್ತಿಸಬೇಡಿ. ಮೋಡ ಕಟ್ಟಿದ್ದರೆ ನೀವೂ ಹತ್ತಬೇಡಿ, ಸಿಡಿಲು ಬಡಿಯುವ ಬಂಡೆ ಅದು.

ಬುತ್ತಿ ಮತ್ತು ಕರಡಿ

ಸಸ್ಯಾಹಾರಿಗಳಿಗೆ ಮೇಲೆ ಸಿಗುವುದು ಕಡಿಮೆ. ಪುಳಿಯೋಗರೆ, ಚಪಾತಿ ಕಟ್ಟಿಕೊಳ್ಳಿ, ಮೊಸರನ್ನವೂ ಇರಲಿ. ಆದರೆ ನಡೆಯಲು ಹೋಗುವಾಗ ಕಾರಿನಲ್ಲಿ ಬಿಡಬೇಡಿ. ಕರಡಿ ಕಾರಿನ ಬಾಗಿಲನ್ನು ಬಾಳೆಹಣ್ಣು ಸುಲಿದಂತೆ ಸುಲಿಯುತ್ತದೆ. ಪಾರ್ಕಿಂಗ್‌ಗಳಲ್ಲಿ ಕಂದು ಬಣ್ಣದ ಕಬ್ಬಿಣದ ಪೆಟ್ಟಿಗೆಗಳಿವೆ. ಊಟವನ್ನಷ್ಟೇ ಅದರಲ್ಲಿಟ್ಟು ಕೈತೊಳೆದುಕೊಳ್ಳುವುದು ಸಾಮಾನ್ಯ ತಪ್ಪು. ಕರಡಿಗೆ ವಾಸನೆ ಬರುವುದೆಲ್ಲ ಊಟವೇ: ಉಪ್ಪಿನಕಾಯಿ ಸೋರಿದ ಚೀಲ, ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಅಮೃತಾಂಜನ, ಬಿಸ್ಕತ್ತು ಚೂರು ಮೆತ್ತಿದ ಮಗುವಿನ ಸೀಟು. ಇಟ್ಟ ಮೇಲೆ ಚಿಲಕ ಕೂತಿದೆಯೇ ಎಳೆದು ನೋಡಿ.

ಹಿಮದ ತಿಂಗಳಲ್ಲಿ

ಚಳಿಗಾಲದಲ್ಲಿ ಫೋರ್‌ವೀಲ್ ಡ್ರೈವ್ ಇದ್ದರೂ, ಹಿಮದಲ್ಲಿ ಜಾರದಂತೆ ಸುತ್ತುವ ಟೈರ್ ಚೈನ್ ಗಾಡಿಯಲ್ಲಿರಬೇಕು, ಇಲ್ಲದಿದ್ದರೆ ಹಿಂದಕ್ಕೆ ಕಳಿಸುತ್ತಾರೆ. ಟೈರಿನ ಬದಿಯಲ್ಲಿ ಬರೆದ ಅಳತೆ ನೋಡಿ ತ್ರೀ ರಿವರ್ಸ್‌ನಲ್ಲಿ ಬಾಡಿಗೆಗೆ ಪಡೆದು, ಅಲ್ಲೇ ಒಣನೆಲದಲ್ಲಿ ಒಮ್ಮೆ ಹಾಕಿ ತೆಗೆಯಿರಿ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಪ್ಲಾಸ್ಟಿಕ್ ಪಟ್ಟಿಗಳನ್ನು ಕೊಳ್ಳಬೇಡಿ, ಅವು ಚೈನ್ ಅಲ್ಲ. ಬಾಡಿಗೆ ಕಾರಾದರೆ ಕರಾರು ಓದಿ. ಚೈನ್ ಹಾಕಕೂಡದೆಂದು ಬರೆದಿರುವ ಕಂಪನಿಗಳುಂಟು. ಹಿಮ ಮುಚ್ಚಿದಾಗ ಕಾಂಗ್ರೆಸ್ ಟ್ರೇಲ್‌ನ ಡಾಂಬರು ಕಾಣುವುದಿಲ್ಲ. ಹಿರಿಯರ ಜತೆ ಆಗ ಶರ್ಮನ್ ಮರ ನೋಡಿ ಸುಮ್ಮನಾಗುವುದೇ ಒಳ್ಳೆಯದು.

ಇಳಿಯುವಾಗ

ಗೇರನ್ನು ಕೆಳಗಿಳಿಸಿ, ಆಟೊಮ್ಯಾಟಿಕ್ ಕಾರಿನಲ್ಲೂ ಎಲ್ ಅಥವಾ ಬಿ ಎಂಬ ಗುರುತು ಇರುತ್ತದೆ. ಇಡೀ ಘಾಟಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಸುಟ್ಟ ವಾಸನೆ ಬರುತ್ತದೆ, ಆಮೇಲೆ ಬ್ರೇಕ್ ಹಿಡಿಯುವುದಿಲ್ಲ. ವಾಸನೆ ಬಂದರೆ ಪಕ್ಕಕ್ಕೆ ನಿಲ್ಲಿಸಿ, ಅರ್ಧ ಗಂಟೆ ತಣಿಯಲು ಬಿಡಿ, ನೀರು ಎರಚಬೇಡಿ. ಕೆಳಗೆ ಕವೀಯಾ ಹೊಳೆ ಕಂಡು ಮಕ್ಕಳು ಕಾಲು ನೆನೆಸಬೇಕೆನ್ನುತ್ತಾರೆ. ಹಿಮ ಕರಗಿದ ನೀರು ಅದು, ಬಂಡೆಗಳಿಗೆ ಪಾಚಿ. ಈ ಉದ್ಯಾನದಲ್ಲಿ ಹೆಚ್ಚು ಜನ ಪ್ರಾಣ ಕಳೆದುಕೊಂಡಿರುವುದು ಕರಡಿಯಿಂದಲ್ಲ, ನೀರಿನಲ್ಲಿ. ಮೇ, ಜೂನ್ ತಿಂಗಳಲ್ಲಂತೂ ದಡದಿಂದಲೇ ತೋರಿಸಿ, ಕಾರು ಹತ್ತಿಸಿ.