ಕೆಲಸ ಬಿಟ್ಟ ಮೇಲೆ ಕ್ಯಾಲೆಂಡರಿನಲ್ಲಿ ಹಾಕಿದ ಸೊನ್ನೆಗಳು

ಎಳ್ಳಮಾವಾಸ್ಯೆ ಜಾತ್ರೆಗೆ ತೀರ್ಥಹಳ್ಳಿಗೆ ಹೋದರೆ ನೆಂಟರು ಸಿಕ್ಕೇ ಸಿಗುತ್ತಾರೆ. ತುಂಗೆಯಲ್ಲಿ ಮಿಂದು, ರಾಮೇಶ್ವರನಿಗೆ ಕೈಮುಗಿದು ಹೊರಗೆ ಬರುವಷ್ಟರಲ್ಲಿ ಯಾರಾದರೊಬ್ಬರು ಕೇಳುತ್ತಾರೆ: "ಅಷ್ಟು ದೊಡ್ಡ ಕಂಪನಿ ಬಿಟ್ಟು ಬಂದ್ಯಲ್ಲ, ಈಗ ಬೇಜಾರಿಲ್ವಾ?" ಇಲ್ಲ ಅಂದರೆ ನಂಬುವುದಿಲ್ಲ. ಹೌದು ಅಂದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಹಾಗಾಗಿ ಸುಮ್ನೆ ನಕ್ಕು ಮಂಡಕ್ಕಿ ಅಂಗಡಿ ಕಡೆ ಹೋಗುತ್ತೇನೆ. ಆದರೆ ನನ್ನ ಹತ್ತಿರ ಉತ್ತರವಿದೆ. ಲೆಕ್ಕವೇ ಇದೆ.

ಬೆಂಗಳೂರಿನ ಒಂದು ದೊಡ್ಡ ಕಂಪನಿಯಲ್ಲಿ 11 ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದೆ. 2021ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟೆ. 90 ದಿನದ ನೋಟಿಸ್ ಮುಗಿಸಿ 2022ರ ಜನವರಿಯಲ್ಲಿ ಊರಿಗೆ ಬಂದೆ. ಯಾರೂ ತಳ್ಳಲಿಲ್ಲ, ಜಗಳವೂ ಆಗಲಿಲ್ಲ. ಅಪ್ಪನಿಗೆ ಮಂಡಿ ನೋವು, ಎರಡೂವರೆ ಎಕರೆ ಅಡಿಕೆ ತೋಟ, ನಾನೊಬ್ಬಳೇ ಮಗಳು. ಇನ್ನೊಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಗಂಡ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಾರೆ. ಅಂದರೆ ಮನೆಗೆ ಒಂದು ಸಂಬಳ ಬರುತ್ತಲೇ ಇತ್ತು. ಇದನ್ನು ಮುಚ್ಚಿಟ್ಟು "ಧೈರ್ಯ ಮಾಡಿ ಬಿಟ್ಟೆ" ಅನ್ನುವವರ ಮಾತು ನನಗೆ ಸೇರುವುದಿಲ್ಲ.

ಟೆಸ್ಟಿಂಗ್ ಮಾಡಿದವರಿಗೆ ಒಂದು ಚಟ ಇರುತ್ತದೆ. ಅನಿಸಿಕೆ ನಂಬುವುದಿಲ್ಲ, ಬರೆದಿಟ್ಟದ್ದು ಬೇಕು. ಅಡುಗೆಮನೆ ಬಾಗಿಲ ಪಕ್ಕ ಹಾಲಿನ ಲೆಕ್ಕದ ಕ್ಯಾಲೆಂಡರ್ ಇತ್ತು. "ಬಿಡಬಾರದಿತ್ತು" ಅಂತ ಗಟ್ಟಿಯಾಗಿ ಅನಿಸಿದ ದಿನ ಅದರಲ್ಲಿ ಒಂದು ಸೊನ್ನೆ ಹಾಕುವುದು, ಹಾಳೆಯ ಹಿಂದೆ ಎರಡು ಪದದಲ್ಲಿ ಕಾರಣ ಬರೆಯುವುದು. ಇಷ್ಟೇ ನಿಯಮ. ಮಳೆಗೆ ಬಟ್ಟೆ ಒಣಗದಿದ್ದಾಗ ಬರುವ ಸಿಟ್ಟಿಗೆಲ್ಲ ಸೊನ್ನೆ ಇಲ್ಲ.

2022ರಲ್ಲಿ 46 ಸೊನ್ನೆ. 2023ರಲ್ಲಿ 14.

ಮೊದಲ ವರ್ಷದ ಹಾಳೆಗಳನ್ನು ತಿರುಗಿಸಿ ನೋಡಿದಾಗ ಒಂದು ವಿಷಯ ಕಂಡಿತು. ತುಂಬಾ ಸೊನ್ನೆಗಳು ತಿಂಗಳ ಕೊನೆಗೇ ಇದ್ದವು. ಸಂಬಳದ ಮೆಸೇಜ್ ಬರುತ್ತಿದ್ದ ದಿನ. 11 ವರ್ಷ ಬಂದದ್ದು ನಿಂತರೆ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ. ನಮ್ಮ ಮಾವ ಒಬ್ಬರು ಭದ್ರಾವತಿಯ ಕಾರ್ಖಾನೆಯಿಂದ ಸ್ವಯಂ ನಿವೃತ್ತಿ ತಗೊಂಡಿದ್ದರು. ಆಮೇಲೂ ಎಷ್ಟೋ ವರ್ಷ ಬೆಳಗಿನ ಸೈರನ್‌ಗೆ ಎದ್ದು ಕೂರುತ್ತಿದ್ದರು. ಆಗ ನಾವು ಮಕ್ಕಳೆಲ್ಲ ನಗುತ್ತಿದ್ದೆವು. ಡಿಸೆಂಬರ್‌ನಲ್ಲಿ ಅಡಿಕೆ ಮಾರಿ ಒಟ್ಟಿಗೆ ದುಡ್ಡು ಬಂದ ಮೇಲೆ ತಿಂಗಳ ಕೊನೆಯ ಸೊನ್ನೆಗಳು ಕಡಿಮೆಯಾದವು. ವರ್ಷಕ್ಕೊಮ್ಮೆ ಬರುವ ದುಡ್ಡನ್ನು ನಾನೇ ಹನ್ನೆರಡು ಪಾಲು ಮಾಡಿ, ಪ್ರತಿ ಒಂದನೇ ತಾರೀಖು ಇನ್ನೊಂದು ಖಾತೆಗೆ ಹೋಗುವ ಹಾಗೆ ಬ್ಯಾಂಕಿನಲ್ಲಿ ಹೇಳಿಟ್ಟೆ. ಮೆಸೇಜ್ ಮತ್ತೆ ಬರತೊಡಗಿತು! ಮೊತ್ತ ಸಣ್ಣದು, ಆದರೂ ಕೆಲಸ ಮಾಡಿತು.

ಉಳಿದ ಸೊನ್ನೆಗಳ ಹಿಂದೆ ಬರೆದದ್ದನ್ನು ಓದಿದರೆ ನಾಚಿಕೆಯಾಗುತ್ತದೆ. "ಷೇರು." "ಷೇರು." "ವಿಮೆ." "ವಿಮೆ." ಬಿಟ್ಟದ್ದಕ್ಕಲ್ಲ, ಬಿಟ್ಟ ರೀತಿಗೆ ಕೈ ಹಿಸುಕಿಕೊಂಡದ್ದು.

ಷೇರಿನ ಕಥೆ ಚಿಕ್ಕದು. ಕಂಪನಿ ಕೊಟ್ಟಿದ್ದ ಷೇರುಗಳ ಒಂದು ಕಂತು ಮಾರ್ಚ್‌ನಲ್ಲಿ ನನ್ನ ಹೆಸರಿಗೆ ಆಗಬೇಕಿತ್ತು. ಜನವರಿಯಲ್ಲೇ ಹೊರಟೆ, ಹೋಯಿತು. ಎರಡು ತಿಂಗಳು ತಡೆಯಬಹುದಿತ್ತು. ತಡೆಯಲಿಲ್ಲ, ಅವಸರ. ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕಿಷ್ಟು ಅಂತ ಕಂಪನಿ ಕೊಡುವ ದುಡ್ಡು, ಮಾತ್ರ ಸರಿಯಾಗಿ ಬಂತು. ಐದು ವರ್ಷ ದಾಟಿದವರಿಗೆ ಅದು ಹಕ್ಕಿನ ದುಡ್ಡು. ಆಗಿನ ಲೆಕ್ಕದಲ್ಲಿ ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಬೇಕಿತ್ತು. ನನ್ನದು 52,000. ಹಾಗಾಗಿ ವರ್ಷಕ್ಕೆ 30,000, 11 ವರ್ಷಕ್ಕೆ 3,30,000. ಪಿಎಫ್ (ಭವಿಷ್ಯ ನಿಧಿ) ದುಡ್ಡನ್ನು ನಾನು ತೆಗೆಯಲಿಲ್ಲ. ಹತ್ತು ವರ್ಷದ ಸೇವೆ ತುಂಬಿದ್ದರಿಂದ 58ಕ್ಕೆ ಸಣ್ಣದೊಂದು ಪಿಂಚಣಿಯೂ ಇದೆ.

ವಿಮೆಯದ್ದು ಬೇರೆಯೇ ಕಥೆ. ಕಂಪನಿಯ ಗುಂಪು ವಿಮೆಯಲ್ಲಿ ಅಪ್ಪ ಅಮ್ಮ ಇದ್ದರು. ಅಪ್ಪನ ಸಕ್ಕರೆ ಕಾಯಿಲೆ, ಬಿಪಿ ಎಲ್ಲ ಅದರಲ್ಲಿ ಮೊದಲ ದಿನದಿಂದಲೇ ಸೇರಿತ್ತು. ನನ್ನ ಕೊನೆಯ ದಿನಕ್ಕೆ ಅದೂ ಮುಗಿಯಿತು. ಊರಿಗೆ ಬಂದು ಆರಾಮಾಗಿ ಹೊಸ ಪಾಲಿಸಿ ಮಾಡಿಸಿದೆ. ಅದರಲ್ಲಿ ಮೊದಲೇ ಇದ್ದ ಕಾಯಿಲೆಗಳಿಗೆ ವರ್ಷಗಟ್ಟಲೆ ಕಾಯಬೇಕು ಅಂತ ಬರೆದಿತ್ತು. ಸಹಿ ಹಾಕುವಾಗ ಓದಿದ್ದೆ, ತಲೆಗೆ ಹೋಗಿರಲಿಲ್ಲ. ನವೆಂಬರ್‌ನಲ್ಲಿ ಅಪ್ಪನಿಗೆ ಎದೆನೋವು. ರಾತ್ರಿ ಆಗುಂಬೆ ಘಾಟಿಯ ತಿರುವುಗಳಲ್ಲಿ ಇಳಿದು ಮಣಿಪಾಲಕ್ಕೆ ಕರೆದುಕೊಂಡು ಹೋದೆವು. ಸ್ಟೆಂಟ್ ಹಾಕಿದರು. ಅಪ್ಪ ಉಳಿದರು. ವಿಮೆ ಸಿಗಲಿಲ್ಲ, ಕೈಯಿಂದ 2 ಲಕ್ಷ 60 ಸಾವಿರ ಹೋಯಿತು. ಗ್ರಾಚ್ಯುಟಿಯ ಮುಕ್ಕಾಲು ಪಾಲಿಗಿಂತ ಜಾಸ್ತಿ.

ಆಮೇಲೆ ಗೊತ್ತಾದದ್ದು ಇದು. ಕೆಲಸ ಬಿಡುವ ಮೊದಲೇ, ಗುಂಪು ವಿಮೆ ಕೊಟ್ಟಿದ್ದ ಅದೇ ವಿಮಾ ಸಂಸ್ಥೆಯಲ್ಲಿ ನಮ್ಮದೇ ಹೆಸರಿನ ಪಾಲಿಸಿಗೆ ಬದಲಾಯಿಸಿಕೊಡಿ ಅಂತ ಅರ್ಜಿ ಹಾಕಬಹುದು. ಒಪ್ಪಿದರೆ ಗುಂಪು ವಿಮೆಯಲ್ಲಿ ಕಳೆದ ವರ್ಷಗಳು ಈ ಕಾಯುವ ಲೆಕ್ಕಕ್ಕೆ ಸೇರುತ್ತವೆ. ಒಪ್ಪುವುದು ಬಿಡುವುದು ಅವರಿಗೆ ಸೇರಿದ್ದು. ನಾನು ಕೇಳಲೇ ಇಲ್ಲವಲ್ಲ! ಆ ನವೆಂಬರ್ ತಿಂಗಳ ಹಾಳೆಯಲ್ಲಿ ಒಂಬತ್ತು ಸೊನ್ನೆ ಇವೆ. ಯಾರಾದರೂ ರಾಜೀನಾಮೆಯ ಯೋಚನೆಯಲ್ಲಿದ್ದೇನೆ ಅಂತ ಫೋನ್ ಮಾಡಿದರೆ ನಾನು ಕನಸಿನ ಬಗ್ಗೆ ಕೇಳುವುದಿಲ್ಲ. ಅಪ್ಪ ಅಮ್ಮನ ವಿಮೆ ಏನು ಮಾಡಿದೆ ಅಂತಲೇ ಕೇಳುತ್ತೇನೆ.

ಹೀಗಿರುವಾಗ ಒಂದು ಸಂಶೋಧನೆಯ ಬಗ್ಗೆ ಓದಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಮಾಡಿದ್ದು. ಕೆಲಸ ಬಿಡಬೇಕೋ ಬೇಡವೋ ಎಂಬಂಥ ಗೊಂದಲದಲ್ಲಿದ್ದವರಿಗೆ ನಾಣ್ಯ ಚಿಮ್ಮಿ ತೀರ್ಮಾನಿಸಿ ಅಂದರಂತೆ. 20,000ಕ್ಕೂ ಜಾಸ್ತಿ ಸಲ ನಾಣ್ಯ ಚಿಮ್ಮಲಾಯಿತು. ದೊಡ್ಡ ವಿಷಯಗಳಲ್ಲಿ, ಬದಲಾವಣೆ ಮಾಡಿಕೊಂಡವರು ಆರು ತಿಂಗಳಾದ ಮೇಲೆ ಜಾಸ್ತಿ ಖುಷಿಯಾಗಿದ್ದರು. ಓದಿ ಸಮಾಧಾನವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆರು ತಿಂಗಳೆಂದರೆ ನಮ್ಮಲ್ಲಿ ಒಂದು ಕೊಯ್ಲೂ ಆಗುವುದಿಲ್ಲ. ನನ್ನನ್ನು ಆರನೇ ತಿಂಗಳು, ಜುಲೈನಲ್ಲಿ, ತೋಟದ ಹಸಿರು ನೋಡುತ್ತಾ ಕಾಫಿ ಕುಡಿಯುವಾಗ ಕೇಳಿದ್ದರೆ ನಾನೂ ಖುಷಿ ಅಂತಲೇ ಹೇಳುತ್ತಿದ್ದೆ. ಹತ್ತನೇ ತಿಂಗಳು ಮಣಿಪಾಲದಲ್ಲಿ ಬಿಲ್ ಕೌಂಟರಿನ ಮುಂದೆ ಕೇಳಿದ್ದರೆ?

2023ರಲ್ಲಿ ಸೊನ್ನೆ ಕಡಿಮೆಯಾದದ್ದಕ್ಕೆ ನನ್ನ ಜಾಣತನವೊಂದೇ ಕಾರಣವಲ್ಲ. ಆ ವರ್ಷ ನಾನಿದ್ದ ತಂಡವನ್ನೇ ಕಂಪನಿ ಮುಚ್ಚಿತು. ಅಲ್ಲಿಯವರೆಗೆ ನಾನು ಬೇಜಾರು ಮಾಡಿಕೊಳ್ಳುವಾಗಲೆಲ್ಲ ಮನಸ್ಸಿನಲ್ಲಿ ಆ ಕುರ್ಚಿ, ಆ ಸಂಬಳ ಇದ್ದಲ್ಲೇ ಇರುತ್ತಿದ್ದವು. ವರ್ಷಕ್ಕಿಷ್ಟು ಏರುತ್ತಲೂ ಇದ್ದವು. ಮಾವ ಕೆಲಸ ಬಿಟ್ಟಾಗ "ಇದ್ದಿದ್ದರೆ ಅರವತ್ತರವರೆಗೆ ಸಂಬಳ" ಅಂದವರು ತುಂಬಾ ಜನ. ಆದರೆ ಅದೇ ಭದ್ರಾವತಿಯಲ್ಲಿ ಕಾಗದ ಕಾರ್ಖಾನೆಯ ಯಂತ್ರಗಳು 2015ರಲ್ಲಿ ನಿಂತವು. ಇದ್ದವರಲ್ಲಿ ಎಷ್ಟೋ ಜನರಿಗೆ ಅರವತ್ತರವರೆಗೆ ಸಂಬಳ ಸಿಗಲಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿ ಕಾಣುತ್ತಿತ್ತು. ಆದರೆ 2024ರಲ್ಲಿ 29 ಸೊನ್ನೆ.

ಆ ಜುಲೈ ಮಳೆ ಮಲೆನಾಡಿನವರಿಗೆ ನೆನಪಿರುತ್ತದೆ. ಅಡಿಕೆಗೆ ಕೊಳೆರೋಗ ಬಾರದಿರಲಿ ಅಂತ ಜೂನ್ ಶುರುವಿಗೇ ಒಂದು ಸಲ ಬೋರ್ಡೋ ದ್ರಾವಣ ಹೊಡೆಸಿದ್ದೆವು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ನಲವತ್ತು ದಿನಕ್ಕೆ ಎರಡನೆಯದು ಆಗಬೇಕು. ಮಳೆ ಹೊಳವಾಗಲೇ ಇಲ್ಲ. ಅರ್ಧ ದಿನ ಬಿಟ್ಟಾಗ ಔಷಧಿ ಹೊಡೆಯುವವರು ಸಿಗಲಿಲ್ಲ, ಅವರು ಸಿಕ್ಕಾಗ ಮಳೆ. ಕೊಳೆ ಹತ್ತಿತು. ಬೆಳಿಗ್ಗೆ ಹೋದರೆ ಮರದ ಬುಡದಲ್ಲೆಲ್ಲ ಹಸಿ ಕಾಯಿ. ಮೇಲೆ ಎಲೆಚುಕ್ಕೆ ರೋಗ ಬೇರೆ. ಹಾಳೆಯ ಹಿಂದೆ ಏನೂ ಬರೆದಿಲ್ಲ, ಸೊನ್ನೆ ಮಾತ್ರ ಸಾಲಾಗಿವೆ. ಇವು ವಿಮೆ, ಷೇರಿನ ಸೊನ್ನೆಗಳಲ್ಲ. ಇವು ನಿಜವಾದವು. ಆಫೀಸಿನಲ್ಲಿ ಎಷ್ಟು ಕೆಟ್ಟ ವಾರವಾದರೂ ತಿಂಗಳ ಸಂಬಳ ಮಳೆಗೆ ಉದುರುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಹಳೆಯ ಸಹೋದ್ಯೋಗಿಯೊಬ್ಬಳಿಗೆ ನಾನೇ ಫೋನ್ ಮಾಡಿದೆ. ಮೂರು ತಿಂಗಳ ಟೆಸ್ಟಿಂಗ್ ಕೆಲಸ ಕೊಡಿಸಿದಳು. ಮಾಡಿದೆ. ಈಗಲೂ ಮಳೆಗಾಲದಲ್ಲಿ ಮಾಡುತ್ತೇನೆ.

ಆ ವರ್ಷದ ಕೊನೆಗೆ ಕ್ಯಾಲೆಂಡರ್ ತೆಗೆದು ಎಣಿಸುತ್ತಿದ್ದೆ. ಅಮ್ಮ ಬಂದು, "ಹಾಲು ಬೇಡ ಅಂದ ದಿನಗಳನ್ನು ಯಾಕೆ ಎಣಿಸ್ತಿದ್ದೀಯ?" ಅಂದರು. ಹಾಲಿನ ಲೆಕ್ಕ ಮೊದಲು ಅಪ್ಪನದು, ಆ ವರ್ಷದಿಂದ ಅಮ್ಮನದು. ಸೊನ್ನೆ ಇದ್ದ ದಿನಕ್ಕೆಲ್ಲ ಅವರು ದುಡ್ಡು ಹಿಡಿದುಕೊಂಡಿದ್ದರು. ಹಾಲು ಕೊಡುವ ಪಕ್ಕದ ಮನೆಯಾಕೆ ಪಾಪ, ತಿಂಗಳಿಗೆ ಎರಡು ಮೂರು ಲೀಟರ್ ತಾನೇ ಅಂತ ಬಾಯಿ ಬಿಟ್ಟಿರಲಿಲ್ಲ. ಅವತ್ತೇ ಹೋಗಿ 29 ಲೀಟರಿಗೆ, 45ರ ಲೆಕ್ಕದಲ್ಲಿ, 1,305 ರೂಪಾಯಿ ಕೊಟ್ಟು ಬಂದೆ. 2025ರಿಂದ ಸೊನ್ನೆ ಹಾಕುವುದಿಲ್ಲ, ಮೂಲೆಯಲ್ಲಿ ಪೆನ್ಸಿಲ್ ಚುಕ್ಕಿ ಇಡುತ್ತೇನೆ.